ಗಿಳಿ ಮಾರ್ಕು ಬಂದ ಮೇಲೆ

ಬಾವಿಯಜ್ಜಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ.

ಹುಟ್ಟಿದಾಗಿನಿಂದ ಹಾಗಲ್ಲ. ಮದುವೆಯಾಗಿ ಕೇರಿಗೆ ಬಂದ ವರ್ಷವೇ ಚರ್ಮದ ಕಾರ್ಖಾನೆಯಲ್ಲಿ ಹಸಿ ತೊಗಲು ತೊಳೆಯುವ ಕೆಲಸಕ್ಕೆ ಸೇರಿದ್ದಳು. ಎರಡನೆಯ ಹೆರಿಗೆಯ ಹೊತ್ತಿಗೆ ಮೂಗು ಸತ್ತುಹೋಗಿತ್ತು. ಅನ್ನ ಸೀದರೆ ತಿಳಿಯದು, ಹಾಲು ಹುಳಿಯಾದರೆ ತಿಳಿಯದು. ಈಗ ಮೊಮ್ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಜ್ಜಿಯ ಮೂಗಿನ ಕೆಲಸ ಮಾಡುತ್ತಿದ್ದಳು. ಒಂದನೇ ಕ್ಲಾಸಿನ ಹುಡುಗಿ, ಬಾಯಿ ಮುಚ್ಚುತ್ತಿರಲಿಲ್ಲ. ಮನೆಯವರು ಜೀರುಂಡೆ ಎಂದು ಕರೆಯುತ್ತಿದ್ದರು.

‘ಅಜ್ಜಿ, ಈರುಳ್ಳಿ ಕರಕಲಾಯ್ತು.’

‘ಕರಕಲಾದ್ರೆ ನಿಮ್ಮಪ್ಪ ತಿಂತಾನೆ ಬಿಡು. ಅವನಿಗೆ ನಾಲಿಗೆ ಸತ್ತಿದೆ.’

ಮೂಗಿಲ್ಲದಿದ್ದರೂ ಅಜ್ಜಿಗೆ ಬಾವಿ ಇತ್ತು. ತೀರಿಕೊಂಡ ಗಂಡ ಹಿತ್ತಲಲ್ಲಿ ತಾನೇ ತೋಡಿ, ತಾನೇ ಕಲ್ಲು ಕಟ್ಟಿದ್ದ ಬಾವಿ. ಊರಿನ ನೀರಿನ ಪೈಪು ಸೇತುವೆಯ ಆಚೆ ಬದಿಗೆ ಬಂದು ನಿಂತಿತ್ತು. ಊರಿನ ಚರಂಡಿ ಮಾತ್ರ ಸೇತುವೆ ದಾಟಿ ಈಚೆಗೆ ಹರಿಯುತ್ತಿತ್ತು. ತೊಗಲಿನವರ ಕೇರಿಗೆ ನಲ್ಲಿ ಯಾಕೆ ಎಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಅನ್ನುವ ಅಗತ್ಯವೇ ಬಿದ್ದಿರಲಿಲ್ಲ. ಕೇರಿಗೆಲ್ಲ ಸಿಹಿನೀರಿದ್ದದ್ದು ಈ ಒಂದು ಬಾವಿಯಲ್ಲಿ. ಬೆಳಿಗ್ಗೆ ಸಂಜೆ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ಅಜ್ಜಿ ಕಟ್ಟೆಯ ಮೇಲೆ ಕೂತು ಯಾರ ಮನೆಯಲ್ಲಿ ಯಾರು ಯಾರಿಗೆ ಏನಂದರು ಎಂದು ವಿಚಾರಿಸಿಕೊಂಡು, ಇಬ್ಬರನ್ನು ಬೈದು, ಒಬ್ಬಳಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದಳು. ಯಾರಿಂದಲೂ ಕಾಸು ಮುಟ್ಟಿದವಳಲ್ಲ. ರಾಟೆಗೆ ಎಣ್ಣೆ ಬಿಡಲು ಮಾತ್ರ ಸರದಿ ಹಾಕಿದ್ದಳು.

ಮಗ ಕಾರ್ಖಾನೆಯ ಒದ್ದೆ ವಿಭಾಗದಲ್ಲಿ ಮೇಸ್ತ್ರಿ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಹೆರೆಯುವುದು ಅಲ್ಲಿಯ ಕೆಲಸ. ಚರ್ಮದ ಕೆಲಸದಲ್ಲೆಲ್ಲ ಹೆಚ್ಚು ನಾರುವುದು ಅದೇ. ಮಗಳು ಕಾಲೇಜು ಮುಗಿಸಿ, ಕಡಲಾಚೆಯ ಪರಿಸರ ಸಂಸ್ಥೆಯೊಂದು ಊರೊಳಗೆ ತೆರೆದಿದ್ದ ಆಫೀಸಿನಲ್ಲಿ ಭಾಷಾಂತರದ ಕೆಲಸಕ್ಕಿದ್ದಳು. ಎಲ್ಲಿಯೂ ಪಾಠ ಮಾಡಿದವಳಲ್ಲ. ಕಂಡಕಂಡವರ ಮಾತು ತಿದ್ದುತ್ತಿದ್ದದ್ದರಿಂದ ಮನೆಯಲ್ಲಿ ಅವಳಿಗೆ ಟೀಚರ್ ಎಂದು ಹೆಸರು.

ಒಂದು ಸಂಜೆ ಮೇಸ್ತ್ರಿ ತಟ್ಟೆಯ ಮುಂದೆ ಕೂರುವ ಮೊದಲೇ ಹೇಳಿದ: ‘ನಾಳೆ ಲಾರಿ ಬರುತ್ತೆ. ಹಿತ್ತಲಲ್ಲಿ ಜಾಗ ಮಾಡಬೇಕು.’

‘ಯಾತಕ್ಕೆ?’ ಎಂದಳು ಹೆಂಡತಿ.

‘ತೊಟ್ಟಿಗೆ. ಒದ್ದೆ ವಿಭಾಗ ಮುಚ್ಚಿದ್ರು. ಇನ್ಮೇಲೆ ಸುಣ್ಣದ ಕೆಲಸ ಮನೆಮನೆಗೆ ಕೊಡ್ತಾರಂತೆ. ತೊಗಲಿಗೆ ಇಷ್ಟು ಅಂತ ಕೂಲಿ. ಕೇರಿಯ ಮನೆಗಳನ್ನೆಲ್ಲ ನೋಡ್ಕೊಳ್ಳೋದು ನಾನೇ. ಮೇಸ್ತ್ರಿಗಿರಿ ಹಾಗೇ ಇರುತ್ತೆ.’

‘ಇಷ್ಟು ದಿನ ನೀವೊಬ್ಬರೇ ಕಾರ್ಖಾನೆಗೆ ಹೋಗ್ತಿದ್ರಿ. ಈಗ ಕಾರ್ಖಾನೇನೆ ಕರ್ಕೊಂಡು ಬರ್ತಿದ್ದೀರಾ?’

‘ನಾನು ಕರೀಲಿಲ್ಲ ಮಾರಾಯ್ತಿ. ನಿನ್ನ ನಾದಿನೀನ ಕೇಳು. ಅವರ ಗಿಳಿ ಬರುತ್ತಂತಲ್ಲ, ಅದಕ್ಕೆ.’

ಗಿಳಿ ಎಂದರೆ ಸಂಸ್ಥೆಯ ಗುರುತು. ರೆಕ್ಕೆ ಬಿಚ್ಚಿದ ಹಸಿರು ಹಕ್ಕಿ. ಯಾವ ಕಾರ್ಖಾನೆಯ ಚರ್ಮದ ಮೇಲೆ ಅದು ಬೀಳುತ್ತದೋ ಆ ಚರ್ಮದಿಂದ ನದಿ ಕೆಟ್ಟಿಲ್ಲ, ಹಕ್ಕಿ ಸತ್ತಿಲ್ಲ ಎಂದು ಅರ್ಥ. ಆ ಗುರುತಿದ್ದರೆ ಕಡಲಾಚೆಯ ಬೂಟಿನ ಕಂಪನಿಗಳು ಮರುಮಾತಿಲ್ಲದೆ ಕೊಳ್ಳುತ್ತವೆ. ಪರಿಶೀಲನೆಯವರು ಕಾರ್ಖಾನೆಯ ಕಾಂಪೌಂಡಿನ ಒಳಗೆ ಮೂಲೆಮೂಲೆ ನೋಡುತ್ತಾರೆ. ಕಾಂಪೌಂಡಿನ ಹೊರಗೆ ನೋಡುವುದು ಅವರ ಕೆಲಸವಲ್ಲ.

‘ಗಿಳಿ ಅಲ್ಲ ಅದು. ಕಡಲಹಕ್ಕಿ,’ ಎಂದಳು ಟೀಚರ್.

‘ಹಸಿರಾಗಿದೆ ತಾನೆ? ಗಿಳೀನೆ.’

‘ಸುಣ್ಣದ ನೀರು ಎಲ್ಲಿ ಬಿಡ್ತೀಯ?’

‘ಮೋರಿಗೆ.’

‘ತೊಟ್ಟಿ ಎಲ್ಲಿ ತೋಡ್ತೀಯ?’

‘ಬಾವಿ ಪಕ್ಕ. ಮತ್ತೆ ನೀರು ಹೊತ್ತು ಸಾಯೋರು ಯಾರು?’

ಟೀಚರ್ ಅಮ್ಮನ ಕಡೆ ನೋಡಿದಳು. ಅಜ್ಜಿ ಅನ್ನ ಬಡಿಸುವುದನ್ನು ನಿಲ್ಲಿಸಲಿಲ್ಲ. ‘ನನ್ನ ಬಾವಿಗೆ ಏನಾಗುತ್ತೆ? ನಿಮ್ಮಪ್ಪ ಕಟ್ಟಿದ ಕಲ್ಲು ಅದು. ಒಂದು ಇರುವೆ ನುಗ್ಗಕ್ಕೂ ಸಂದಿಲ್ಲ.’

‘ನಾಳೆ ಆಫೀಸಲ್ಲಿ ಹೇಳ್ತೀನಿ,’ ಎಂದಳು ಟೀಚರ್.

‘ಹೇಳು,’ ಎಂದ ಮೇಸ್ತ್ರಿ. ‘ಗಿಳಿ ಹಾರಿಹೋದ್ರೆ ನನ್ನ ಕೆಲಸ ಹೋಗುತ್ತೆ. ನಿನ್ನ ಕುರ್ಚಿ ಎಲ್ಲಿರುತ್ತೆ ಅಂತಾನೂ ಕೇಳ್ಕೊಂಡು ಬಾ.’

ಟೀಚರ್ ಅರ್ಧ ತಟ್ಟೆಗೇ ಎದ್ದಳು. ಮರುದಿನ ಆಫೀಸಿನಲ್ಲಿ ಏನೂ ಹೇಳಲಿಲ್ಲ. ಅದರ ಮರುದಿನವೂ.

ತೊಟ್ಟಿ ತೋಡಿದರು. ಎರಡು. ತಳಕ್ಕೆ ಟಾರ್ಪಾಲು ಹಾಸಿ, ಬದಿಗೆ ತೆಳುವಾಗಿ ಸಿಮೆಂಟು ಬಳಿದರು. ಕಾರ್ಖಾನೆಯೊಳಗೆ ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ಹುಲ್ಲು ಬೆಳೆಸಿ, ನಡುವೆ ಬೆಂಚು ಹಾಕಿದರಂತೆ. ಮೇಸ್ತ್ರಿ ನೋಡಿ ಬಂದು ಹೇಳಿದ, ‘ಮದುವೆ ಮಾಡಬಹುದು ಅಲ್ಲಿ.’

ಮನೆಯಲ್ಲಿ ಯಾರಿಗೂ ಕೂರಲು ಹೊತ್ತಿಲ್ಲದಂತಾಯಿತು. ಬೆಳಕು ಹರಿಯುವಾಗ ಗಾಡಿ ಬಂದು ಉಪ್ಪು ಹಚ್ಚಿದ ತೊಗಲು ಇಳಿಸಿ ಹೋಗುತ್ತಿತ್ತು. ಮೇಸ್ತ್ರಿ ಒಂದಿಷ್ಟನ್ನು ತೊಟ್ಟಿಗೆ ಇಳಿಬಿಟ್ಟು ಉಳಿದ ಮನೆಗಳಿಗೆ ಓಡುತ್ತಿದ್ದ. ಸೊಸೆ ಒಲೆಯ ಮೇಲೆ ಬೇಳೆ ಇಟ್ಟು ಹಿತ್ತಲಿಗೆ ಹೋಗಿ, ಬಾಗಿದ ಕತ್ತಿಯಲ್ಲಿ ಕೂದಲು ಹೆರೆದು, ಬೇಳೆ ಉಕ್ಕುವ ಹೊತ್ತಿಗೆ ಒಳಗೆ ಬಂದು, ಕೈ ತೊಳೆದು, ಮತ್ತೆ ಹೊರಗೆ ಹೋಗುತ್ತಿದ್ದಳು. ಕೈಗವಸು ಕೊಡುತ್ತೇವೆ ಎಂದಿದ್ದರು. ಬರಲಿಲ್ಲ. ಅವಳ ಬೆರಳ ಸಂದಿಗಳು ಬಿರಿದವು, ಬಲಗೈಯ ಎರಡು ಉಗುರು ಅಲುಗತೊಡಗಿದವು. ಉಪ್ಪು ಹಾಕಿ ಅನ್ನ ಕಲಸಿದರೆ ಉರಿ. ಚಮಚೆಯಲ್ಲಿ ತಿನ್ನತೊಡಗಿದಳು.

‘ನೋಡ್ರೀ ದೊರೆಸಾನಿ ಆದೆ,’ ಎಂದು ಗಂಡನಿಗೆ ಚಮಚೆ ತೋರಿಸಿದಳು. ಅವನು ನಗಲಿಲ್ಲ.

ಜೀರುಂಡೆ ಶಾಲೆಯಿಂದ ಬಂದು ಚೀಲ ಎಸೆದಳು. ‘ನನ್ನ ಪಕ್ಕ ಯಾರೂ ಕೂರಲ್ಲಂತೆ. ಕ್ಲಾಸಿನ ಮಿಸ್ಸು ನನ್ನನ್ನ ಕಿಟಕಿ ಹತ್ರ ಕೂರಿಸಿದ್ರು. ಕಿಟಕಿ ತೆಗೆದಿಟ್ಟಿದ್ರು.’

‘ಗಾಳಿ ಚೆನ್ನಾಗಿ ಬರುತ್ತೆ ಬಿಡು,’ ಎಂದಳು ಅಜ್ಜಿ.

‘ಗಾಳಿ ಬರೋಕೆ ಅಲ್ಲ ಅಜ್ಜಿ. ಹೋಗೋಕೆ.’

ಬಸ್ಸಿನಲ್ಲಿ ಕೇರಿಯವರ ಪಕ್ಕದ ಸೀಟು ಮೊದಲಿನಿಂದಲೂ ಕೊನೆಗೇ ತುಂಬುತ್ತಿದ್ದದ್ದು. ಈಗ ತುಂಬುತ್ತಲೇ ಇರಲಿಲ್ಲ. ಟೀಚರ್ ಮನೆಯಲ್ಲಿ ಬಟ್ಟೆ ಒಣಹಾಕುವುದನ್ನು ಬಿಟ್ಟಳು. ಆಫೀಸಿನ ಬಚ್ಚಲಲ್ಲಿ ಒಂದು ಜೊತೆ ಇಟ್ಟುಕೊಂಡು, ಬೆಳಿಗ್ಗೆ ಅಲ್ಲಿ ಹೋಗಿ ಬದಲಾಯಿಸುತ್ತಿದ್ದಳು.

ಮೊದಲು ಹೇಳಿದ್ದು ಜೀರುಂಡೆ. ನೀರಿನ ಲೋಟ ಮೂಗಿನ ಹತ್ತಿರ ಹಿಡಿದು, ‘ಕೊಳೆತ ಮೊಟ್ಟೆ,’ ಎಂದಳು.

‘ಲೋಟ ಸರಿಯಾಗಿ ತೊಳೆದಿಲ್ಲ ನಿಮ್ಮಮ್ಮ,’ ಎಂದಳು ಅಜ್ಜಿ.

ಸೊಸೆ ಮೂಸಿದಳು. ಮೇಸ್ತ್ರಿ ಮೂಸಿದ. ಟೀಚರ್ ಲೋಟವನ್ನು ದೂರ ಇಟ್ಟಳು. ಮೇಸ್ತ್ರಿ ತೊಟ್ಟಿಗಿಳಿದು ಬಿರುಕು ಹುಡುಕಿ ಸಿಮೆಂಟು ಮೆತ್ತಿದ. ಒಂದು ವಾರ ಕಾದರು. ವಾಸನೆ ಹೋಗಲಿಲ್ಲ. ಸೊಸೆ ಕುಡಿಯಲಿಕ್ಕೆ ಅಂಗಡಿಯಿಂದ ಕ್ಯಾನಿನ ನೀರು ತರಿಸತೊಡಗಿದಳು. ಕ್ಯಾನು ಮನೆಯೊಳಗೆ ಬಂದ ದಿನ ಅಜ್ಜಿ ಊಟ ಬಿಟ್ಟಳು.

‘ಬಾವಿ ಇರೋ ಮನೆಗೆ ನೀರು ಕೊಂಡು ತರ್ತಾಳಂತೆ. ಕೇರಿಯವರು ಕೇಳಿದ್ರೆ ನಗ್ತಾರೆ.’

‘ಕೇರಿಯವರೇ ಬರ್ತಾ ಇಲ್ಲ ಅತ್ತೆ, ನೋಡಿಲ್ವಾ? ಹೋದ ವಾರ ಅಷ್ಟು ಜನ ಬರ್ತಿದ್ರು. ಇವತ್ತು ಎಷ್ಟು ಕೊಡ ಬಂತು?’

‘ನೀನು ಹಬ್ಬಿಸಿದ್ದೀಯ, ನಾರುತ್ತೆ ನಾರುತ್ತೆ ಅಂತ. ನೀರು ಸೇದಕ್ಕೆ ಸೋಮಾರಿತನ ನಿನಗೆ.’

‘ದಿನವಿಡೀ ಸೇದ್ತೀನಲ್ಲ ತೊಟ್ಟಿಗೆ! ನನ್ನ ಕೈ ನೋಡಿ, ಸೋಮಾರಿ ಕೈ ಹೀಗಿರುತ್ತಾ?’

‘ನಾನು ಕುಡೀತಿದ್ದೀನಲ್ಲ, ಸತ್ತಿದ್ದೀನಾ?’

‘ನಿಮಗೆ ವಾಸನೆ ಬರಲ್ಲ ಅತ್ತೆ.’

ಮನೆಯಲ್ಲಿ ಯಾರೂ ಆ ಮಾತನ್ನು ಅಜ್ಜಿಯ ಮುಖಕ್ಕೆ ಅಂದಿರಲಿಲ್ಲ. ತಮಾಷೆ ಮಾಡುತ್ತಿದ್ದರು, ಜಗಳಕ್ಕೆ ಬಳಸಿರಲಿಲ್ಲ. ಅಜ್ಜಿ ಎದ್ದು ಬಾವಿಕಟ್ಟೆಗೆ ಹೋಗಿ ಕೂತಳು. ಯಾರೂ ಬರಲಿಲ್ಲ. ಹೆಂಗಸರು ಸೇತುವೆ ದಾಟಿ ಆಚೆಯ ನಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಊರಿನವರೆಲ್ಲ ಹಿಡಿದಾದ ಮೇಲೆ, ನೀರು ನಿಂತಿರದಿದ್ದರೆ, ಕೇರಿಯವರ ಸರದಿ.

ಅಜ್ಜಿ ಬಾವಿ ನೀರನ್ನೇ ಕುಡಿದಳು. ಹೊಟ್ಟೆ ನುಲಿದರೆ ಬೇಳೆ ಬೆಂದಿರಲಿಲ್ಲ ಎಂದಳು.

ಮುಂದಿನ ವಾರ ಕಾರ್ಖಾನೆಯ ಮ್ಯಾನೇಜರ್ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಾಚೆ ಕರವಸ್ತ್ರ ಮೂಗಿಗೆ ಹಿಡಿದು ನಿಂತ. ಸೊಸೆ ಕುರ್ಚಿ ತಂದಿಟ್ಟಳು. ಅವನು ಕೂರಲಿಲ್ಲ.

‘ನಮಗೆ ಹಕ್ಕಿ ಮಾರ್ಕು ಬಂತು. ಗುರುವಾರ ಅದರ ಚಿತ್ರ ತೆಗೆಯೋಕೆ ಸಂಸ್ಥೆಯಿಂದ ಮೇಡಂ ಬರ್ತಾರೆ, ಕ್ಯಾಮೆರಾ ಬರುತ್ತೆ. ಕಾರ್ಮಿಕನ ಮನೆ ಒಂದು ನೋಡ್ಬೇಕಂತೆ. ನಿನ್ನ ತಂಗಿ ಅಲ್ಲೇ ಇರೋದ್ರಿಂದ ನಿನ್ನ ಮನೇನೆ ಆರಿಸಿದ್ದಾರೆ. ಹಿತ್ತಲು ಸ್ವಲ್ಪ ಚೆನ್ನಾಗಿ ಕಾಣಲಿ.’

‘ತೊಟ್ಟಿ?’ ಎಂದ ಮೇಸ್ತ್ರಿ.

‘ಯಾವ ತೊಟ್ಟಿ?’ ಎಂದ ಮ್ಯಾನೇಜರ್.

ಮೇಸ್ತ್ರಿಗೆ ಅರ್ಥವಾಯಿತು.

ಆ ಸಂಜೆ ಅಣ್ಣ ತಂಗಿ ಹಿತ್ತಲಲ್ಲಿ ನಿಂತೇ ಜಗಳವಾಡಿದರು.

‘ಹಲಗೆ ಮುಚ್ಚಿ ಮೇಲೆ ಹೂವಿನ ಕುಂಡ ಇಡ್ತೀನಿ. ನೀನು ಬಾಯಿ ಮುಚ್ಕೊಂಡು ಅವರು ಹೇಳಿದ್ದನ್ನ ಇವರಿಗೆ ಹೇಳು, ಇವರು ಹೇಳಿದ್ದನ್ನ ಅವರಿಗೆ ಹೇಳು. ಅಷ್ಟೇ ತಾನೆ ನಿನ್ನ ಕೆಲಸ?’

‘ಬಾವಿ ಹೋಗ್ತಿದೆ ಅಣ್ಣ.’

‘ನನಗೆ ಗೊತ್ತಿಲ್ವಾ? ಎರಡು ತಿಂಗಳು ತಡಿ. ಮಾರ್ಕು ಗಟ್ಟಿಯಾಗಲಿ. ಆಮೇಲೆ ತೊಟ್ಟೀನ ಆ ಮೂಲೆಗೆ ಹಾಕ್ತೀನಿ, ಬಾವಿ ತೊಳೆಸ್ತೀನಿ.’

‘ಆ ಎರಡು ತಿಂಗಳು ಅಮ್ಮ ಏನು ಕುಡೀಬೇಕು?’

‘ನೀನು ಏನು ಕುಡೀತೀಯ? ಆಫೀಸಲ್ಲಿ ಕುಡಿದು, ಆಫೀಸಲ್ಲಿ ಸ್ನಾನ ಮಾಡಿ, ಆಫೀಸಲ್ಲಿ ಬಟ್ಟೆ ಬದಲಾಯಿಸ್ತೀಯ. ಈ ಮನೆ ನಾತ ನಿನಗೆ ಹತ್ತಿಲ್ಲ, ಪಾಪ!’

ಟೀಚರ್ ಹಲಗೆಯ ಕಡೆ ತಿರುಗಿದಳು. ಇನ್ನೊಂದು ವಿಷಯ ಅವಳು ಮನೆಯಲ್ಲಿ ಹೇಳಿರಲಿಲ್ಲ. ಲೋಕದ ಪರಿಸರದವರೆಲ್ಲ ಸೇರುವ ದೊಡ್ಡ ಸಭೆಯೊಂದಕ್ಕೆ ಅವಳನ್ನು ಕರೆದೊಯ್ಯುವುದಾಗಿ ಸಂಸ್ಥೆಯವರು ಮಾತಾಡಿದ್ದರು. ವಿಮಾನದಲ್ಲಿ. ಕೇರಿಯ ಹುಡುಗಿಯೇ ವೇದಿಕೆಯ ಮೇಲೆ ನಿಂತು ಮಾತಾಡಬೇಕಂತೆ. ಅವಳು ಹಲಗೆಯ ಒಂದು ತುದಿ ಹಿಡಿದಳು, ಅಣ್ಣ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ತೊಟ್ಟಿ ಮುಚ್ಚಿದರು.

ಗುರುವಾರ ಬಂದವಳು ಎತ್ತರದ ಹೆಂಗಸು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೇರಿಯ ಮಕ್ಕಳು ‘ದೊರೆಸಾನಿ, ದೊರೆಸಾನಿ’ ಎಂದು ಹಿಂದೆ ಓಡಿ ಬಂದವು. ಅವಳು ಕೆಟ್ಟವಳಲ್ಲ. ಮ್ಯಾನೇಜರನ ಹಾಗೆ ಬಾಗಿಲಲ್ಲಿ ನಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದಳು, ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು, ಜೀರುಂಡೆಗೆ ಬಣ್ಣದ ಪೆನ್ಸಿಲು ಕೊಟ್ಟಳು. ಸೊಸೆಯ ಬೆರಳು ನೋಡಿ ಏನೋ ಕೇಳಿದಳು.

‘ಪಾತ್ರೆ ತೊಳೆಯೋ ಪುಡಿ ಅನ್ನು,’ ಎಂದ ಮೇಸ್ತ್ರಿ.

ಟೀಚರ್ ಹಾಗೆಯೇ ಹೇಳಿದಳು.

ದೊರೆಸಾನಿ ಹಿತ್ತಲಿಗೆ ಬಂದು ಕುಂಡಗಳ ಮುಂದೆ ಕುರ್ಚಿಯಲ್ಲಿ ಕೂತಳು. ಕ್ಯಾಮೆರಾದವನು ಬಾವಿಯನ್ನು, ರಾಟೆಯನ್ನು ಹಿಡಿದುಕೊಂಡ. ಮೂಗಿಗೆ ಬರುವುದನ್ನು ಏನು ಮಾಡುವುದು? ಪಕ್ಕದಲ್ಲೇ ಚರಂಡಿ ಇದೆ ಎಂದು ಮೇಸ್ತ್ರಿ ತಾನೇ ಮೊದಲು ಹೇಳಿಬಿಟ್ಟ. ಎಲ್ಲರೂ ತಲೆಯಾಡಿಸಿದರು.

ಚಹಾ ಮಾಡುವುದು ಅಜ್ಜಿಯ ಪಾಲಿಗೆ ಬಂದಿತ್ತು. ‘ಕ್ಯಾನಿನ ನೀರು ಹಾಕಿ ಅತ್ತೆ, ಮರೀಬೇಡಿ,’ ಎಂದು ಸೊಸೆ ಮೂರು ಸಲ ಹೇಳಿದ್ದಳು. ಮೂರನೆಯ ಸಲ ಹೇಳದಿದ್ದರೆ ಅಜ್ಜಿ ಹಾಕುತ್ತಿದ್ದಳೇನೋ. ಕಡಲು ದಾಟಿ ಬಂದವಳಿಗೆ ಅಂಗಡಿ ನೀರಿನ ಚಹಾ ಕೊಟ್ಟರೆ ಬಾವಿಕಟ್ಟೆಯ ಮೇಲೆ ತಾನು ಕೂತಿದ್ದಕ್ಕೆ ಏನು ಅರ್ಥ ಎಂದು ಅವಳ ವಾದ. ಸೊಸೆ ಹಿತ್ತಲ ಕಡೆ ಹೋದದ್ದೇ ಬಾವಿ ನೀರಿನ ಕೊಡ ಬಗ್ಗಿಸಿದಳು. ಸಕ್ಕರೆ ಜಾಸ್ತಿ ಹಾಕಿದಳು. ಅಂದು ಮೂಸಿ ಹೇಳಬೇಕಾದವಳು ಅಂಗಳದಲ್ಲಿ ಪೆನ್ಸಿಲು ಹಿಡಿದು ಕೂತಿದ್ದಳು.

ದೊರೆಸಾನಿ ಒಂದು ಗುಟುಕು ಕುಡಿದಳು. ನುಂಗಲು ನೋಡಿದಳು. ಆಗಲಿಲ್ಲ. ಮುಖ ತಿರುಗಿಸಿ ಕುಂಡದ ಮೇಲೆ ಉಗುಳಿ, ಕೆಮ್ಮುತ್ತ ಎದ್ದು ನಿಂತಳು.

‘ಸಕ್ಕರೆ ಕಡಿಮೆ ಆಯ್ತಾ?’ ಎಂದಳು ಅಜ್ಜಿ.

ಸೊಸೆ ಲೋಟ ಕಸಿದುಕೊಂಡು ಮೂಸಿದಳು. ‘ಅತ್ತೆ! ಅಷ್ಟು ಹೇಳಿದ್ನಲ್ಲ!’

ಈ ನೀರಿಗೆ ಏನಾಗಿದೆ ಎಂದು ದೊರೆಸಾನಿ ಟೀಚರನ್ನು ಕೇಳಿದಳು. ಮೇಸ್ತ್ರಿಗೆ ಆ ಭಾಷೆ ಬಾರದು, ಆದರೆ ಪ್ರಶ್ನೆ ಗೊತ್ತಾಯಿತು. ‘ಕಬ್ಬಿಣದ ಅಂಶ ಅನ್ನು,’ ಎಂದ. ‘ಕೇರಿಯ ನೀರೇ ಹಾಗೆ ಅನ್ನು. ಲೇ, ನಿನಗೇ ಹೇಳ್ತಿರೋದು.’

ಅಜ್ಜಿ ಖಾಲಿ ತಟ್ಟೆ ಹಿಡಿದು ಎಲ್ಲರ ಮುಖ ನೋಡುತ್ತಿದ್ದಳು. ಯಾರಾದರೂ ಹೇಳಲಿ ಎಂದು ಕಾಯುತ್ತಿರುವ ಹಾಗೆ.

ಟೀಚರ್ ಕುಂಡ ಎತ್ತಿ ಪಕ್ಕಕ್ಕಿಟ್ಟಳು. ಎರಡನೆಯದನ್ನು ಎತ್ತಿದಳು. ಹಲಗೆಯನ್ನು ಒಬ್ಬಳೇ ಎಳೆದಳು. ಅದು ತೊಟ್ಟಿಯ ಅಂಚಿಗೆ ತಾಗಿ ಸದ್ದಾಯಿತು. ಒಳಗೆ ಬೂದುಬಣ್ಣದ ನೀರಿನಲ್ಲಿ ತೊಗಲು ಉಬ್ಬಿಕೊಂಡು ತೇಲುತ್ತಿದ್ದವು.

ಕ್ಯಾಮೆರಾದವನು ಹತ್ತಿರ ಬಂದ. ದೊರೆಸಾನಿ ಟೀಚರಿನ ಹೆಗಲ ಮೇಲೆ ಕೈಯಿಟ್ಟು, ನಿನ್ನ ಮಾತಿನಲ್ಲೇ ಹೇಳು, ಅದೇ ಚೆನ್ನ ಎಂದಳು. ಟೀಚರ್ ಮನೆಯ ಮಾತಿನಲ್ಲಿ ಹೇಳಿದಳು.

‘ಈ ತೊಟ್ಟಿ ಕಾರ್ಖಾನೆಯೊಳಗಿತ್ತು. ನಿಮ್ಮ ಹಕ್ಕಿ ಗುರುತು ಬೇಕು ಅಂತ ನಮ್ಮ ಹಿತ್ತಲಿಗೆ ಹಾಕಿದ್ರು. ಅಲ್ಲಿ ಹುಲ್ಲು ಬೆಳೆಸಿದ್ರು. ಇಲ್ಲಿ ಬಾವಿ ಕೆಟ್ಟಿತು. ನೀವು ಕಾಂಪೌಂಡು ದಾಟಿ ನೋಡಲಿಲ್ಲ. ನೋಡಿ ಅಂತ ನಾನೂ ಹೇಳಲಿಲ್ಲ.’

ದೊರೆಸಾನಿಯ ಕಣ್ಣಲ್ಲಿ ನೀರು ಬಂತು. ಅವಳು ಅಜ್ಜಿಯನ್ನು ತಬ್ಬಿಕೊಂಡಳು. ಅಜ್ಜಿ ತಟ್ಟೆಯನ್ನು ನಡುವೆ ಹಿಡಿದೇ ತಬ್ಬಿಸಿಕೊಂಡಳು. ‘ಏನಾಯ್ತೇ ಇವಳಿಗೆ?’ ಎಂದು ಮಗಳನ್ನು ಕೇಳಿದಳು.

ಮೇಸ್ತ್ರಿ ಆ ದಿನ, ಮರುದಿನ ತಂಗಿಯೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವನ ಕೆಲಸ ಹೋಯಿತು. ಆಗ ಮಾತಾಡಿದ.

‘ಏನಂದ್ರು ಗೊತ್ತಾ? ನಾನು ಕಾರ್ಖಾನೆಗೆ ಹೇಳದೆ ಕೇಳದೆ ಕಳ್ಳತೊಟ್ಟಿ ನಡೆಸ್ತಿದ್ನಂತೆ. ಅವರಿಗೂ ಕೇರಿಗೂ ಸಂಬಂಧಾನೇ ಇಲ್ವಂತೆ.’

‘ಸುಳ್ಳು ಅಂತ ಹೇಳಬೇಕಿತ್ತು.’

‘ಹೇಳ್ದೆ. ಯಾರು ಕೇಳ್ತಾರೆ? ನಿಜ ಹೇಳೋಕೂ ಕೇಳೋಕೂ ಕಡಲಾಚೆಯಿಂದ ಬರಬೇಕು.’

‘ನಿಜ ಹೇಳಿದ್ದು ತಪ್ಪಾ ಅಣ್ಣ?’

‘ತಪ್ಪಲ್ಲ. ಊಟ ಮಾಡು. ಇದ್ದಾಗ ಮಾಡಬೇಕು.’

ಅವನು ತಟ್ಟೆಯನ್ನು ಅವಳ ಕಡೆ ತಳ್ಳಿ ಹೊರಟುಹೋದ. ಆಮೇಲಿನ ದಿನಗಳಲ್ಲಿ ಅವನು ಮನೆಯಲ್ಲಿ ಕೂತದ್ದೇ ಇಲ್ಲ. ಇಟ್ಟಿಗೆ ಹೊರುವುದಕ್ಕೆ ಹೋದ, ಗೋದಾಮಿನಲ್ಲಿ ಮೂಟೆ ಇಳಿಸಲು ಹೋದ. ಚರ್ಮದ ಮೇಸ್ತ್ರಿ ಎಂದು ಗೊತ್ತಾದರೆ ಕೆಲವರು ಬೇಡ ಎನ್ನುತ್ತಿದ್ದರು.

ನಗರಸಭೆಯವರು ಬಂದು ಕೇರಿಯ ತೊಟ್ಟಿಗಳಿಗೆಲ್ಲ ಕೆಂಪು ಪಟ್ಟಿ ಸುತ್ತಿದರು. ಈ ಹಿತ್ತಲಲ್ಲಿ ಬಾವಿಗೂ ಸುತ್ತಿದರು. ಬಾವಿಯ ನೀರು ಕೆಟ್ಟಿದೆ, ಮುಚ್ಚಬೇಕು ಎಂದರು. ಸೊಸೆ ಸೊಂಟಕ್ಕೆ ಕೈಕೊಟ್ಟು ನಿಂತಳು.

‘ಮುಚ್ಚಿ. ಸೇತುವೆ ದಾಟಿಸಿ ನಲ್ಲಿ ತಂದು ಆಮೇಲೆ ಮುಚ್ಚಿ.’

‘ನಲ್ಲಿ ಬೇರೆ ವಿಭಾಗ ಅಮ್ಮ. ನಾವು ಮುಚ್ಚೋ ವಿಭಾಗ.’

‘ಕಾರ್ಖಾನೆ ಯಾವ ವಿಭಾಗ?’

‘ಕಾರ್ಖಾನೆಗೆ ಗುರುತು ಸಿಕ್ಕಿದೆ ಅಲ್ವಾ?’

ಟೀಚರ್ ಅದೇ ಮಾತನ್ನು ಹೊತ್ತುಕೊಂಡು ದೊರೆಸಾನಿಯ ಮುಂದೆ ಹೋದಳು. ದೊರೆಸಾನಿ ಕುಡಿಯಲು ನೀರು ಕೊಟ್ಟಳು, ಗಾಜಿನ ಲೋಟದಲ್ಲಿ. ಗುರುತು ಕೊಡುವುದು ಕಾಂಪೌಂಡಿನ ಒಳಗಿನದಕ್ಕೆ ಮಾತ್ರ, ಅಲ್ಲಿ ಎಲ್ಲ ನಿಯಮದಂತಿದೆ, ನನ್ನ ಮೇಲಿನವರು ಕೇಳಲಾರರು ಎಂದಳು. ಮನೆಮನೆಯ ತೊಟ್ಟಿಗಳ ವಿರುದ್ಧ ಹೊಸ ಚಳವಳಿ ಶುರುಮಾಡುತ್ತೇವೆ ಎಂದಳು.

‘ಕೇರಿಗೆ ಒಂದು ನಲ್ಲಿ?’

ನಲ್ಲಿ ನಮ್ಮ ಯೋಜನೆಯಲ್ಲಿ ಇಲ್ಲ, ನಮ್ಮದು ನದಿ ಮತ್ತು ಹಕ್ಕಿಗಳು ಎಂದಳು ದೊರೆಸಾನಿ. ಹೇಳುವಾಗ ಅವಳಿಗೇ ನಾಚಿಕೆಯಾದಂತಿತ್ತು. ದೊಡ್ಡ ಸಭೆಗೆ ಇನ್ನೂ ನಿನ್ನ ಹೆಸರಿದೆ, ಬಂದು ನಿನ್ನ ನೋವು ಹೇಳು ಎಂದಳು. ಗುರುತಿನ ವಿಷಯ ಮಾತ್ರ ಅಲ್ಲಿ ಬೇಡ ಎಂದಳು.

‘ನೋವು ಬೇಕು, ಕಾರಣ ಬೇಡ,’ ಎಂದಳು ಟೀಚರ್. ಮನೆಯ ಮಾತಿನಲ್ಲೇ ಅಂದಳು. ಎದುರಿಗಿದ್ದವಳಿಗೆ ಅದನ್ನು ಭಾಷಾಂತರಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಮುಂದಿನ ಶನಿವಾರ ಊರಿನ ಸಭಾಭವನದಲ್ಲಿ ಸಂಸ್ಥೆಯವರು ಆ ಗುರುವಾರ ಹಿಡಿದ ಚಿತ್ರ ತೋರಿಸಿದರು. ಮುಂದಿನ ಸಾಲಿನಲ್ಲಿ ಮ್ಯಾನೇಜರ್, ನಗರಸಭೆಯವರು, ಕಡಲಾಚೆಯಿಂದ ಬಂದ ಅತಿಥಿಗಳು. ಟೀಚರ್ ಗೋಡೆಯ ಪಕ್ಕ ನಿಂತಿದ್ದಳು. ತೆರೆಯ ಮೇಲೆ ಬಾವಿ ಬಂತು, ಅಜ್ಜಿ ಬಂದಳು, ಸೊಸೆಯ ಬೆರಳುಗಳು ತೆರೆಯ ತುಂಬ ಬಂದವು. ಆಮೇಲೆ ಅವಳೇ ಬಂದಳು. ತೊಟ್ಟಿಯ ಪಕ್ಕ ನಿಂತು ಮಾತಾಡುತ್ತಿದ್ದಳು. ದನಿ ಸಣ್ಣದು ಮಾಡಿ ಮೇಲೆ ಸಂಗೀತ ಹಾಕಿದ್ದರು. ಕೆಳಗೆ ಅತಿಥಿಗಳ ಭಾಷೆಯಲ್ಲಿ ಬರೆದಿತ್ತು: ನಮ್ಮ ಜನಕ್ಕೆ ತಿಳಿವಳಿಕೆ ಕಡಿಮೆ. ಏನು ಮಾಡುತ್ತಿದ್ದೇವೆಂದು ನಮಗೆ ಗೊತ್ತಿರಲಿಲ್ಲ. ನಮಗೆ ನಿಮ್ಮ ಸಹಾಯ ಬೇಕು.

ದೀಪ ಹಾಕಿದ ಕೂಡಲೇ ಅವಳು ಮುಂದಕ್ಕೆ ನಡೆದಳು. ಯಾರೂ ತಡೆಯಲಿಲ್ಲ. ಕಾರ್ಯಕ್ರಮದಲ್ಲೇ ಇರಬೇಕು ಎಂದುಕೊಂಡರು.

‘ಕೆಳಗೆ ಬರೆದದ್ದು ನಾನು ಹೇಳಿದ್ದಲ್ಲ,’ ಎಂದಳು. ಎರಡೂ ಭಾಷೆಯಲ್ಲಿ ಹೇಳಿದಳು. ತೊಟ್ಟಿ ಎಲ್ಲಿತ್ತು, ಯಾಕೆ ಬಂತು, ಹುಲ್ಲು ಎಲ್ಲಿ ಬೆಳೆಯಿತು, ಎಲ್ಲವನ್ನೂ ಹೇಳಿದಳು. ‘ಹಕ್ಕಿ ಬದುಕಲಿ. ನಮ್ಮ ಬಾವಿಯಲ್ಲಿ ಕುಡಿದಿದ್ದರೆ ಅದೂ ಸಾಯುತ್ತಿತ್ತು.’

ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಹುಡುಗಿ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಒಬ್ಬಾತ ದೊರೆಸಾನಿಯ ಕೈಕುಲುಕಿದ. ಆಮೇಲೆ ಚಹಾ ವಿರಾಮ ಎಂದು ಕೂಗಿದರು.

ಸೋಮವಾರ ಟೀಚರ್ ಆಫೀಸಿನ ಬಚ್ಚಲಿಂದ ತನ್ನ ಒಂದು ಜೊತೆ ಬಟ್ಟೆ ತೆಗೆದುಕೊಂಡು ಮನೆಗೆ ಬಂದಳು. ಅಣ್ಣ ಅವಳ ಕೈಯಲ್ಲಿದ್ದ ಗಂಟು ನೋಡಿದ.

‘ತೆಗೆದ್ರಾ?’

‘ಬಿಟ್ಟೆ. ಅವರೂ ತೆಗೀತಿದ್ರು.’

‘ಯಾವುದಾದರೇನು,’ ಎಂದ. ಗಂಟನ್ನು ತೆಗೆದು ಒಳಗಿಟ್ಟು, ‘ಎಲ್ಲರ ಮುಂದೆ ಹೇಳಿದೆಯಂತೆ?’ ಎಂದ.

‘ಹೇಳ್ದೆ. ಚಪ್ಪಾಳೆ ತಟ್ಟಿದ್ರು.’

ಮೇಸ್ತ್ರಿಗೆ ನಗು ಬಂತು. ವಾರಗಳ ಮೇಲೆ ಬಂದ ನಗು, ಕೆಮ್ಮಿನ ಹಾಗೆ ಬಂತು. ಟೀಚರೂ ನಕ್ಕಳು. ಸೊಸೆ ಒಳಗಿಂದ ಕೂಗಿದಳು, ‘ನಗ್ತಾ ಕೂತ್ರೆ ಆಯ್ತಾ? ನೀರು ತರೋರು ಯಾರು?’

ಬಾವಿ ಮುಚ್ಚಲು ಟ್ರ್ಯಾಕ್ಟರಿನಲ್ಲಿ ಕಲ್ಲುಮಣ್ಣು ಬಂದ ದಿನ ಅಜ್ಜಿ ಕಟ್ಟೆಯಿಂದ ಏಳಲಿಲ್ಲ. ಕೂಲಿಯವರು ಇಬ್ಬರು ಸಲಿಕೆ ಹಿಡಿದು ಕಾದು ನಿಂತರು. ಅವರೂ ಪಕ್ಕದ ಕೇರಿಯವರೇ. ಅಜ್ಜಿಯನ್ನು ಎಬ್ಬಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.

‘ಒಂದು ಕೊಡ ಸೇದು,’ ಎಂದಳು ಅಜ್ಜಿ ಮಗನಿಗೆ.

‘ಯಾಕಮ್ಮ ಈಗ?’

‘ಸೇದು ಅಂದೆ.’

ಮೇಸ್ತ್ರಿ ಕೆಂಪು ಪಟ್ಟಿ ಕಿತ್ತು ಕೊಡ ಇಳಿಬಿಟ್ಟ. ರಾಟೆ 'ಕಿರ್' ಎಂದಿತು. ಎಣ್ಣೆಯ ಸರದಿ ಯಾವಾಗಲೋ ತಪ್ಪಿತ್ತು. ನೀರು ಮೇಲೆ ಬಂತು, ನೋಡಲು ತಿಳಿಯಾಗಿಯೇ ಇತ್ತು. ಅಜ್ಜಿ ಬೊಗಸೆಯಲ್ಲಿ ತೆಗೆದು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಆಮೇಲೆ ಜೀರುಂಡೆಯನ್ನು ಕರೆದಳು.

‘ಮೂಸು. ನಿಜ ಹೇಳು. ನಿಮ್ಮಮ್ಮನ ಕಡೆ ನೋಡಬೇಡ.’

ಜೀರುಂಡೆ ಬಗ್ಗಿ ಮೂಸಿದಳು. ‘ನಾರುತ್ತೆ ಅಜ್ಜಿ.’

‘ತುಂಬಾನಾ?’

‘ತುಂಬಾ.’

‘ಮೊದಲಿಂದಾನೂ?’

‘ಮೊದಲು ಇರಲಿಲ್ಲ. ತೊಟ್ಟಿ ಬಂದ ಮೇಲೆ.’

ಅಜ್ಜಿ ಬೊಗಸೆಯ ನೀರನ್ನು ನೆಲಕ್ಕೆ ಚೆಲ್ಲಿ ಸೆರಗಿಗೆ ಕೈ ಒರೆಸಿಕೊಂಡಳು. ಸೊಸೆಯ ಕಡೆ ತಿರುಗಿ, ‘ನಿನ್ನನ್ನ ಸೋಮಾರಿ ಅಂದಿದ್ದೆ,’ ಎಂದಳು. ಕ್ಷಮಿಸು ಎನ್ನಲಿಲ್ಲ. ಸೊಸೆ ‘ಏಳಿ ಅತ್ತೆ, ಬಿಸಿಲು ಬಂತು,’ ಎಂದು ತೋಳು ಹಿಡಿದು ಎಬ್ಬಿಸಿದಳು.

ಮಣ್ಣು ಬೀಳುವ ಮೊದಲು ರಾಟೆ ಬಿಚ್ಚಿಕೊಳ್ಳಲು ಮೇಸ್ತ್ರಿ ಹೋದ. ರಾಟೆ ಬಾವಿಗೆ ಸೇರಿದ್ದು, ಬಾವಿ ಈಗ ನಗರಸಭೆಗೆ ಸೇರಿದ್ದು ಎಂದು ಕಂಟ್ರಾಕ್ಟರು ಅದನ್ನು ಟ್ರ್ಯಾಕ್ಟರಿಗೆ ಹಾಕಿಸಿಕೊಂಡ. ಸಂಜೆಯ ಹೊತ್ತಿಗೆ ನೆಲ ಸಮವಾಯಿತು. ಸಂಸ್ಥೆಯವರು ಬಂದು ಅದರ ಮೇಲೆ ಒಂದು ಗಿಡ ನೆಟ್ಟು, ಹಕ್ಕಿಯ ಗುರುತಿನ ಫಲಕ ಹುಗಿದು ಹೋದರು. ಗಿಡಕ್ಕೆ ನೀರು ಯಾರು ಹಾಕಬೇಕೆಂದು ಹೇಳಲಿಲ್ಲ.

ತೊಗಲಿನ ಗಾಡಿ ಈಗ ನದಿಯಾಚೆಯ ಇನ್ನೊಂದು ಕೇರಿಗೆ ಹೋಗುತ್ತಿತ್ತು. ಬೆಳಿಗ್ಗೆ ಸೇತುವೆಯ ಮೇಲೆ ಅದು ಹಾದುಹೋಗುವಾಗ ಅಜ್ಜಿ, ಸೊಸೆ, ಟೀಚರ್ ಮೂವರೂ ಕೊಡ ಹಿಡಿದು ನಲ್ಲಿಯ ಸಾಲಿನ ಕೊನೆಯಲ್ಲಿ ನಿಂತಿರುತ್ತಿದ್ದರು. ಅಜ್ಜಿಗೆ ಯಾರ ಮನೆಯ ಸುದ್ದಿಯೂ ಬೇಕಿರಲಿಲ್ಲ.

ಆ ಮನೆಗೆ ಹೋದದ್ದು ಇಷ್ಟು: ಒಂದು ಬಾವಿ, ಒಂದು ರಾಟೆ, ಒಂದು ಮೇಸ್ತ್ರಿಗಿರಿ, ಭಾಷಾಂತರದ ಒಂದು ಕೆಲಸ, ಸೊಸೆಯ ಬಲಗೈಯ ಎರಡು ಉಗುರು. ಅಜ್ಜಿಯ ಮೂಗು ಮೊದಲೇ ಹೋಗಿತ್ತು. ಅದು ಈ ಲೆಕ್ಕದಲ್ಲಿ ಸೇರಿಲ್ಲ.